ಮೂಡಿಗೆರೆಯ ಮೂಟೆಗೆ ಲಂಡನ್ನಿನಲ್ಲಿ ರೇಟು: ಕಾಫಿ ಕೋಟಾದ ಕಥೆ

ಮೂಡಿಗೆರೆ ಹ್ಯಾಂಡ್‌ಪೋಸ್ಟಿನ ಹೋಟೆಲಿನಲ್ಲಿ ಬೆಳಗ್ಗೆ ಕೂತರೆ, ಮಳೆಯ ಲೆಕ್ಕ ಮುಗಿದ ಮೇಲೆ ಬರುವ ಪ್ರಶ್ನೆ ಒಂದೇ: ‘ನ್ಯೂಯಾರ್ಕ್ ಎಷ್ಟಕ್ಕೆ ನಿಂತಿದೆ?’ ಕೇಳುವವರಲ್ಲಿ ಎರಡು ಎಕರೆಯವರೂ ಇರುತ್ತಾರೆ, ಇನ್ನೂರು ಎಕರೆಯವರೂ ಇರುತ್ತಾರೆ. ಕಾಫಿಯ ಎರಡು ಜಾತಿಯಲ್ಲಿ ಅರೇಬಿಕಾಗೆ ನ್ಯೂಯಾರ್ಕ್ ಪೇಟೆಯ ರೇಟು, ರೋಬಸ್ಟಾಗೆ ಲಂಡನ್ನಿನದು. 2025ರ ಶುರುವಿನಲ್ಲಿ 50 ಕೆಜಿ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) 25 ಸಾವಿರ ರೂಪಾಯಿ ದಾಟಿತು. ಆಮೇಲೆ ಅಮೆರಿಕದ ಸುಂಕದ ಗಲಾಟೆ. ಬೆಳೆಯುವವರು ಇಲ್ಲಿ, ರೇಟು ಅಲ್ಲಿ. ಇದು ಯಾವಾಗಿನಿಂದ ಹೀಗೆ?

ಬಾಬಾ ಬುಡನ್ ಏಳು ಬೀಜ ತಂದ ಕಥೆ ಎಲ್ಲರಿಗೂ ಗೊತ್ತು, ಬಿಡಿ. ಬ್ರಿಟಿಷರು ತೋಟ ಮಾಡಿದರು. 1930ರ ದಶಕದಲ್ಲಿ ಬ್ರೆಜಿಲ್ ಬೆಲೆ ಉಳಿಸಲು ಕೋಟಿಗಟ್ಟಲೆ ಮೂಟೆ ಕಾಫಿಯನ್ನು ಸುಟ್ಟುಹಾಕಿತು. ಮಹಾಯುದ್ಧಕ್ಕೆ ಯುರೋಪಿನ ಪೇಟೆ ಮುಚ್ಚಿತು. ನಮ್ಮಲ್ಲಿ 1942ರ ಕಾಫಿ ಕಾಯ್ದೆ ಬಂತು.

ನಿಜವಾದ ಕಥೆ ಶುರುವಾಗುವುದು 1962ರಲ್ಲಿ. ಬೆಳೆಯುವ ದೇಶಗಳೂ ಕುಡಿಯುವ ದೇಶಗಳೂ ಸೇರಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಮಾಡಿಕೊಂಡವು. ಮರುವರ್ಷ ಲಂಡನ್ನಿನಲ್ಲಿ ಅದಕ್ಕೊಂದು ಸಂಸ್ಥೆಯೂ ಆಯಿತು. ಪ್ರತಿ ದೇಶಕ್ಕೆ ಇಷ್ಟು ರಫ್ತು ಅಂತ ಕೋಟಾ. ಬೆಲೆ ಇಳಿದರೆ ಕೋಟಾ ಬಿಗಿ, ಏರಿದರೆ ಸಡಿಲ. 1980ರ ದಶಕದಲ್ಲಿ ಒಂದು ಪೌಂಡಿಗೆ 120ರಿಂದ 140 ಸೆಂಟ್ ಒಳಗೆ ಬೆಲೆ ನಿಲ್ಲಿಸುವುದು ಗುರಿ. ಕೋಟಾದ ಸ್ಟ್ಯಾಂಪ್ ಇಲ್ಲದ ಸರಕನ್ನು ಸದಸ್ಯ ದೇಶಗಳ ಬಂದರಿನಲ್ಲಿ ಇಳಿಸಿಕೊಳ್ಳುವಂತಿರಲಿಲ್ಲ.

ಕೊಳ್ಳುವ ಅಮೆರಿಕ ಹೆಚ್ಚು ಬೆಲೆಗೆ ಯಾಕೆ ಒಪ್ಪಿತು? ಕಾಫಿಯ ಮೇಲಿನ ಪ್ರೀತಿಗಂತೂ ಅಲ್ಲ. 1959ರಲ್ಲಿ ಕ್ಯೂಬಾದಲ್ಲಿ ಕ್ರಾಂತಿ ಆಗಿತ್ತು. ಕಾಫಿ ಬೆಲೆ ಬಿದ್ದು ಬ್ರೆಜಿಲ್, ಕೊಲಂಬಿಯಾದ ರೈತರು ಕಮ್ಯುನಿಸ್ಟರ ಕಡೆ ವಾಲಿದರೆ ಎಂಬ ಭಯ. ಒಟ್ಟಿನಲ್ಲಿ ಶೀತಲ ಸಮರದ ಲಾಭ ಮಲೆನಾಡಿನ ಕಣದ ತನಕ ಬಂತು.

ಆ ಕಾಲದಲ್ಲಿ ಇಲ್ಲಿ ‘ಪೂಲ್’ ಇತ್ತು. ಈಗಿನ ಹುಡುಗರಿಗೆ ಪೂಲ್ ಅಂದರೆ ಹೋಂಸ್ಟೇಯ ಈಜುಕೊಳ. ಆಗ 1942ರ ಕಾಯ್ದೆಯ ಪ್ರಕಾರ ಬೆಳೆದದ್ದನ್ನೆಲ್ಲ ಸರ್ಕಾರದ ಕಾಫಿ ಬೋರ್ಡಿಗೆ ಕೊಡಬೇಕಿತ್ತು. ಮನೆಖರ್ಚಿಗೆ ಒಂದಿಷ್ಟು ಇಟ್ಟುಕೊಳ್ಳಬಹುದು, ಅಷ್ಟೇ. ಕಾಫಿಗೆ ಗ್ರೇಡು, ಗ್ರೇಡಿಗೆ ಪಾಯಿಂಟು, ಪಾಯಿಂಟಿನ ಮೇಲೆ ಕಂತು ಕಂತಾಗಿ ದುಡ್ಡು. ನಮ್ಮಪ್ಪ ಆ ರಸೀದಿಗಳನ್ನು ಕಬ್ಬಿಣದ ಟ್ರಂಕಿನಲ್ಲಿ, ಪಹಣಿ ಪತ್ರದ ಜೊತೆ ಇಟ್ಟಿದ್ದರು. ನೀಲಿ ಕಾರ್ಬನ್ ಮಾಸಿ ಈಗ ಅಂಕಿಗಳ ಬಾಲ ಮಾತ್ರ ಕಾಣುತ್ತವೆ. ಪೂಲ್ ಚಿನ್ನದಂಥ ಕಾಲ ಅಂತ ಹೇಳಿದರೆ ಸುಳ್ಳಾಗುತ್ತದೆ. ತಾನು ಬೆಳೆದದ್ದನ್ನು ಪರವಾನಗಿ ಇಲ್ಲದೆ ಸಾಗಿಸಿದರೆ ಅದೇ ಅಪರಾಧ. ಆದರೂ ರಾತ್ರಿ ನ್ಯೂಯಾರ್ಕ್ ಬಿದ್ದರೆ ಬೆಳಗ್ಗೆ ಇಲ್ಲಿ ಎದೆ ಹೊಡೆದುಕೊಳ್ಳುತ್ತಿರಲಿಲ್ಲ.

ಆದರೆ ಒಪ್ಪಂದದ ಬುಡಕ್ಕೆ ಒಳಗಿನಿಂದಲೇ ಕಾಂಡಕೊರಕ ಬಿದ್ದಿತ್ತು. ಸೋವಿಯತ್ ಒಕ್ಕೂಟ, ಪೂರ್ವ ಯುರೋಪಿನ ದೇಶಗಳು ಕೋಟಾದ ಹೊರಗಿದ್ದವು. ಕೋಟಾ ಮೀರಿ ಉಳಿದ ಕಾಫಿ ಅಲ್ಲಿಗೆ ಅಗ್ಗದಲ್ಲಿ ಹೋಗುತ್ತಿತ್ತು. ಅದರಲ್ಲಿ ಒಂದಿಷ್ಟು ಕಳ್ಳದಾರಿಯಲ್ಲಿ ಮತ್ತೆ ಪಶ್ಚಿಮಕ್ಕೇ ಬರುತ್ತಿತ್ತು. ಸರಿಯಾದ ಬೆಲೆ ಕೊಟ್ಟು ಕೊಂಡವರಿಗೆ ಸಿಟ್ಟು ಬರದೆ ಇರುತ್ತಾ? ಕುಡಿಯುವವರಿಗೆ ಮೃದು ರುಚಿಯ ಅರೇಬಿಕಾ ಜಾಸ್ತಿ ಬೇಕಾಗಿತ್ತು. ಅದಕ್ಕೆ ಜಾಗ ಮಾಡಲು ಬ್ರೆಜಿಲ್ ತನ್ನ ಪಾಲು ಬಿಡಲು ತಯಾರಿರಲಿಲ್ಲ. ಬಡ ದೇಶಗಳ ಒಗ್ಗಟ್ಟು ಭಾಷಣದಲ್ಲಿತ್ತು, ಪಾಲಿನ ಮಾತು ಬಂದಾಗ ಅಣ್ಣತಮ್ಮಂದಿರ ಆಸ್ತಿ ಜಗಳವೇ. ಅಷ್ಟರಲ್ಲಿ ಶೀತಲ ಸಮರವೂ ತಣ್ಣಗಾಗುತ್ತಿತ್ತು. 1989ರ ಜುಲೈ 4ಕ್ಕೆ ಕೋಟಾ ನಿಂತಿತು. ಕೆಲವೇ ತಿಂಗಳಲ್ಲಿ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಎರಡೇ ವರ್ಷಕ್ಕೆ ಸೋವಿಯತ್ ಒಕ್ಕೂಟವೂ ಹೋಯಿತು. ಡಾಲರ್ ಬದಲು ರೂಪಾಯಿಯಲ್ಲೇ ನಡೆಯುತ್ತಿದ್ದ ವ್ಯಾಪಾರದಲ್ಲಿ ನಮ್ಮ ಕಾಫಿಯ ದೊಡ್ಡ ಗಿರಾಕಿ ಅದೇ. ಇಲ್ಲಿ ಪೂಲ್ ಸ್ವಲ್ಪ ಸ್ವಲ್ಪವೇ ಸಡಿಲವಾಗಿ 1996ಕ್ಕೆ ಪೂರ್ತಿ ಮುಗಿಯಿತು. ಇದರ ನಡುವೆ 1994ರಲ್ಲಿ ಬ್ರೆಜಿಲ್ಲಿನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಬೆಳೆ ಹಾಳಾಗಿ ರೇಟು ಜಿಗಿದಿತ್ತು. ಮುಕ್ತ ಮಾರುಕಟ್ಟೆ ಅಂದರೆ ಇದೇ ಅಂತ ಜನ ಕಾರು ತಗೊಂಡರು, ಮನೆ ಕಟ್ಟಿದರು.

ವಿಯೆಟ್ನಾಂ ಕಡೆ ಯಾರೂ ನೋಡುತ್ತಿರಲಿಲ್ಲ. 1986ರ ಆರ್ಥಿಕ ಸುಧಾರಣೆಯ ನಂತರ ಅಲ್ಲಿ ಹಾಕಿದ ರೋಬಸ್ಟಾ ಫಸಲಿಗೆ ಬಂದು, 2000ದ ಹೊತ್ತಿಗೆ ಅದು ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲೇ ದೊಡ್ಡ ಬೆಳೆಗಾರ. 2001ರಲ್ಲಿ ಬೆಲೆ ಪೌಂಡಿಗೆ 50 ಸೆಂಟ್‌ಗಿಂತ ಕೆಳಗೆ ಬಿತ್ತು. ನಮ್ಮ ಕಡೆ ಕೂಲಿ ದುಬಾರಿಯಾಗಿ ಹಣ್ಣು ಗಿಡದಲ್ಲೇ ಒಣಗಿದ ತೋಟಗಳಿದ್ದವು. ಅವರೂ ರೈತರೇ ಅಲ್ವಾ, ವಿಯೆಟ್ನಾಮಿನವರನ್ನು ಬೈದು ಏನು ಪ್ರಯೋಜನ? ಇಬ್ಬರನ್ನೂ ಕೂರಿಸಿ ಮಾತಾಡಿಸುವ ಮೇಜು ಮಾತ್ರ ಇರಲಿಲ್ಲ. ಲಂಡನ್ನಿನ ಸಂಸ್ಥೆ ಈಗಲೂ ಇದೆ. ಅಂಕಿಅಂಶ ಕೊಡುತ್ತದೆ, ಸಭೆ ಮಾಡುತ್ತದೆ. ಅಮೆರಿಕ 1993ರಲ್ಲಿ ಬಿಟ್ಟು, 2005ರಲ್ಲಿ ವಾಪಸ್ ಸೇರಿ, 2018ರಲ್ಲಿ ಮತ್ತೆ ಹೊರಗೆ ನಡೆಯಿತು.

ಈಗ ಹೊಸ ಸ್ಟ್ಯಾಂಪು ಬರುತ್ತಿದೆ, ಈ ಸಲ ಕೊಳ್ಳುವವರ ಕಡೆಯಿಂದ. 2020ರ ಕೊನೆಯ ನಂತರ ಕಾಡು ಕಡಿದ ಜಾಗದ ಕಾಫಿ ಬೇಡ, ತೋಟ ಎಲ್ಲಿದೆ ಅಂತ ತೋರಿಸಿ ಎನ್ನುತ್ತದೆ ಯುರೋಪಿನ 2023ರ ಕಾನೂನು. ಜಾರಿ ಎರಡು ಸಲ ಮುಂದೆ ಹೋಗಿದೆ. ನಮ್ಮ ಪಕ್ಕದ ತೋಟದವರು ಮೊನ್ನೆ ತೋಟದ ಗಡಿ ಗುರುತಿಸಲು ಮಗನ ಫೋನ್ ಹಿಡಿದು ಬೇಲಿಗುಂಟ ನಡೆದರು. ಹಳ್ಳದ ಹತ್ತಿರ, ಸಿಲ್ವರ್ ಓಕ್ ಮರದಡಿ ಸಿಗ್ನಲ್ ಹೋಯಿತು. ಫೋನಿನ ನಕ್ಷೆಯಲ್ಲಿ ಅವರ ತೋಟ ಅರ್ಧ ನಮ್ಮ ತೋಟಕ್ಕೆ ಬಂದು ಕೂತಿತ್ತು. ‘ಸದ್ಯ, ಸರ್ವೆಯವರು ನೋಡಿಲ್ಲ’ ಅಂತ ನಕ್ಕು, ಮತ್ತೆ ಗೇಟಿನಿಂದ ನಡೆಯಲು ಶುರು ಮಾಡಿದರು.