ಅಧಿಕಾರಕ್ಕೆ ಅಧೀನರಾಗಿರಬೇಕಾದ ಕ್ರೈಸ್ತರು ಎಲ್ಲರೆದುರು ಸತ್ಯ ಹೇಳಬಹುದೇ?

ಓದುಗರ ಪ್ರಶ್ನೆ: ಮೇಲಿರುವ ಅಧಿಕಾರಿಗಳಿಗೆ ಅಧೀನರಾಗಿರಬೇಕು ಅಂತ ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೇ ಅಧ್ಯಾಯದಲ್ಲಿ ಪೌಲನೇ ಹೇಳಿದ್ದಾನೆ. ಹಾಗಿರುವಾಗ ಅನ್ಯಾಯ ಕಂಡರೆ ಕ್ರೈಸ್ತರು ಎಲ್ಲರೆದುರು ದನಿ ಎತ್ತುವುದು ನಂಬಿಕೆಗೆ ವಿರುದ್ಧ ಅಲ್ವಾ? ಸಂಬಂಧಪಟ್ಟವರಿಗೆ ಖಾಸಗಿಯಾಗಿ ಒಂದು ಪತ್ರ ಬರೆದು, ಪ್ರಾರ್ಥನೆ ಮಾಡಿಕೊಂಡಿದ್ದರೆ ಸಾಲದೇ?

ಉತ್ತರ: ವಿರುದ್ಧ ಅಲ್ಲ. ಆ ಮಾತು ಬರೆದ ಪೌಲ ಫಿಲಿಪ್ಪಿ ಊರಿನಲ್ಲಿ ಹೇಗೆ ನಡೆದುಕೊಂಡ ಎಂದು ಮೊದಲು ನೋಡೋಣ. ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯದಲ್ಲಿ ಈ ಘಟನೆ ಇದೆ. ಅವನನ್ನೂ ಸೀಲನನ್ನೂ ವಿಚಾರಣೆಯಿಲ್ಲದೆ ಜನರೆದುರೇ ಕೋಲುಗಳಿಂದ ಹೊಡೆದು ಸೆರೆಮನೆಗೆ ಹಾಕಿದರು. ಮರುದಿನ ಬೆಳಿಗ್ಗೆ ಅಧಿಕಾರಿಗಳು ಇಬ್ಬರನ್ನೂ ಸದ್ದಿಲ್ಲದೆ ಕಳುಹಿಸಿಬಿಡಲು ನೋಡಿದರು. ಪೌಲ ಒಪ್ಪಲಿಲ್ಲ. ನಾವು ರೋಮಿನ ಪೌರರು, ನಮ್ಮನ್ನು ಬಹಿರಂಗವಾಗಿ ಹೊಡೆದು ಈಗ ಗುಟ್ಟಾಗಿ ಕಳುಹಿಸುತ್ತಾರಾ, ಅವರೇ ಬಂದು ಕರೆದುಕೊಂಡು ಹೋಗಲಿ ಎಂದ. ಅಧಿಕಾರಿಗಳು ಹೆದರಿ ತಾವೇ ಬಂದು ಬೇಡಿಕೊಂಡರು. ಪೌಲ ಅಲ್ಲಿ ಅಧಿಕಾರವನ್ನು ಧಿಕ್ಕರಿಸಲಿಲ್ಲ. ಅವರದೇ ಕಾನೂನನ್ನು ಅವರಿಗೆ ನೆನಪಿಸಿದ, ಅಷ್ಟೇ.

13ನೇ ಅಧ್ಯಾಯವನ್ನು ಸ್ವಲ್ಪ ಮುಂದಕ್ಕೆ ಓದಿದರೂ ಇದೇ ಸಿಗುತ್ತದೆ. ಅಧಿಕಾರಿ ನಿನ್ನ ಒಳಿತಿಗಾಗಿ ಇರುವ ದೇವರ ಸೇವಕ ಎಂದು ಅಲ್ಲಿದೆ. ಅಂದರೆ ಆ ಪದವಿಗೆ ಒಂದು ಕೆಲಸ ಒಪ್ಪಿಸಲಾಗಿದೆ. ಆ ಕೆಲಸ ತಲೆಕೆಳಗಾದಾಗ ಹಾಗೆಂದು ಹೇಳುವುದು ಅವಿಧೇಯತೆ ಹೇಗಾದೀತು?

ನಿಮ್ಮ ಪ್ರಶ್ನೆಯ ಎರಡನೇ ಭಾಗ ಹೆಚ್ಚು ಕಷ್ಟದ್ದು. ಖಾಸಗಿ ಪತ್ರ ಸಾಲದೇ? ಇದಕ್ಕೆ ನಾಜಿ ಆಡಳಿತದ ಜರ್ಮನಿಯಷ್ಟು ಸ್ಪಷ್ಟವಾದ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ. ಅಲ್ಲಿ ಎರಡೂ ದಾರಿಗಳಲ್ಲಿ ಜನ ನಡೆದರು.

ಮಾನಸಿಕ ಕಾಯಿಲೆ ಇದ್ದವರನ್ನೂ ಅಂಗವಿಕಲರನ್ನೂ ಆಸ್ಪತ್ರೆಗಳಿಂದ ಬಸ್ಸಿನಲ್ಲಿ ಕರೆದೊಯ್ದು ಗ್ಯಾಸ್ ಕೊಟ್ಟು ಕೊಲ್ಲುವ ಕೆಲಸ ಅಲ್ಲಿ 1940ರಲ್ಲಿ ಶುರುವಾಯಿತು. ಬರ್ಲಿನ್ನಿನ ಟಿಯರ್‌ಗಾರ್ಟನ್ ಬೀದಿಯ 4ನೇ ನಂಬರಿನ ಕಚೇರಿ ಇದನ್ನು ನಡೆಸುತ್ತಿತ್ತು. ಅದರಿಂದಲೇ ಆಮೇಲೆ ಇದಕ್ಕೆ ಟಿ4 ಎಂಬ ಹೆಸರು ಬಂತು. ಮನೆಯವರಿಗೆ ಬರುತ್ತಿದ್ದುದು ಒಂದು ಸುಳ್ಳು ಪತ್ರ. ಅಪೆಂಡಿಕ್ಸ್‌ನಿಂದ ಸತ್ತರು ಎಂದು ಬರೆದಿರುತ್ತಿತ್ತು. ಆ ರೋಗಿಯ ಅಪೆಂಡಿಕ್ಸ್ ಎಷ್ಟೋ ವರ್ಷಗಳ ಹಿಂದೆಯೇ ತೆಗೆಸಿದ್ದು ಎಂದು ಮನೆಯವರಿಗೆ ಗೊತ್ತಿರುತ್ತಿತ್ತು. ಹೀಗೆ ಗುಸುಗುಸು ಹಬ್ಬಿತು.

ಮೊದಲ ಹತ್ಯಾಕೇಂದ್ರಗಳಲ್ಲಿ ಒಂದಾದ ಗ್ರಾಫೆನೆಕ್ ವುರ್ಟೆಂಬರ್ಗ್ ಸೀಮೆಯಲ್ಲಿತ್ತು. (ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದ ಹರ್ಮನ್ ಮೊಗ್ಲಿಂಗ್ ಹುಟ್ಟಿದ್ದು ಇದೇ ಸೀಮೆಯಲ್ಲಿ.) ಅಲ್ಲಿನ ಲೂಥರನ್ ಬಿಷಪ್ ಥಿಯೊಫಿಲ್ ವುರ್ಮ್ 1940ರ ಜುಲೈನಲ್ಲಿ ಗೃಹಮಂತ್ರಿಗೆ ಪತ್ರ ಬರೆದರು. ನಿಮ್ಮ ಪ್ರಶ್ನೆಯಲ್ಲಿರುವಂಥದ್ದೇ ಪತ್ರ. ಮರ್ಯಾದೆಯ ಭಾಷೆ, ನೇರವಾದ ವಿಷಯ. ಬಸ್ಸುಗಳು ನಿಲ್ಲಲಿಲ್ಲ. ಗ್ರಾಫೆನೆಕ್ ಒಂದರಲ್ಲೇ ಆ ವರ್ಷ 10,000ಕ್ಕೂ ಜಾಸ್ತಿ ಜನರನ್ನು ಕೊಂದರು.

ಬ್ರಾಂಡನ್‌ಬರ್ಗ್‌ನ ನ್ಯಾಯಾಧೀಶ ಲೋಥರ್ ಕ್ರೈಸಿಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನಾಜಿಗಳ ಕೈಗೊಂಬೆಯಾಗಲು ಒಪ್ಪದ ಪ್ರೊಟೆಸ್ಟೆಂಟರ ಗುಂಪಿನಲ್ಲಿ ಅವರೂ ಇದ್ದರು. ತಮ್ಮ ಕೋರ್ಟಿನ ರಕ್ಷಣೆಯಲ್ಲಿದ್ದ ರೋಗಿಗಳು ಒಬ್ಬೊಬ್ಬರಾಗಿ ಸಾಯುತ್ತಿರುವುದು ಕಡತಗಳಲ್ಲೇ ಅವರ ಕಣ್ಣಿಗೆ ಬಿತ್ತು. ಅವರು ಕೊಲೆ ದೂರು ಕೊಟ್ಟರು. ಇದು ಹಿಟ್ಲರನ ಇಚ್ಛೆ ಎಂದು ಕಾನೂನು ಮಂತ್ರಿ ಅವನ ಸಹಿ ಇರುವ ಕಾಗದ ತೋರಿಸಿದ. ನಾಯಕನ ಮಾತಿನಿಂದ ಕಾನೂನು ಹುಟ್ಟುವುದಿಲ್ಲ ಎಂಬುದು ಕ್ರೈಸಿಗ್‌ರ ನಿಲುವು. ಅವರನ್ನು ಕೆಲಸದಿಂದ ನಿವೃತ್ತಿಗೊಳಿಸಿದರು. ಆದರೆ ಇದೆಲ್ಲ ನಡೆದದ್ದು ಮುಚ್ಚಿದ ಬಾಗಿಲೊಳಗೆ. ಹೊರಗಿನವರಿಗೆ ಏನೂ ಗೊತ್ತಾಗಲಿಲ್ಲ.

ಕಥೋಲಿಕ ಬಿಷಪರಿಗೂ ವಿಷಯ ತಿಳಿದಿತ್ತು. ಅವರೂ ಪತ್ರಗಳ ದಾರಿಯನ್ನೇ ಹಿಡಿದರು. ಮ್ಯುನ್‌ಸ್ಟರ್‌ನ ಬಿಷಪ್ ಕ್ಲೆಮೆನ್ಸ್ ಆಗಸ್ಟ್ ಫಾನ್ ಗಾಲೆನ್ ಕೂಡ ಸುಮಾರು ಒಂದು ವರ್ಷ ಬಹಿರಂಗವಾಗಿ ಮಾತಾಡಲಿಲ್ಲ. ಇದನ್ನು ಮರೆಮಾಚಬಾರದು. ಧೈರ್ಯದ ಬಗ್ಗೆ ಮಾತಾಡುವಾಗ ಈ ಕಾಯುವಿಕೆಯ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆ ಒಂದು ವರ್ಷದಲ್ಲಿ ಸತ್ತವರು ಹತ್ತಾರು ಸಾವಿರ.

1941ರ ಆಗಸ್ಟ್ 3, ಭಾನುವಾರ. ಸಂತ ಲ್ಯಾಂಬರ್ಟ್ ದೇವಾಲಯದ ಪ್ರಬೋಧನಾ ಪೀಠದಿಂದ ಗಾಲೆನ್ ಎಲ್ಲವನ್ನೂ ಹೇಳಿಬಿಟ್ಟರು. ಅವರು ಹೇಳಿದ ರೀತಿಯನ್ನು ಗಮನಿಸಿ. ಮೊದಲು ದಂಡಸಂಹಿತೆಯ 211ನೇ ಕಲಮನ್ನು ಓದಿದರು: ಯೋಜಿಸಿ ಕೊಲ್ಲುವವನಿಗೆ ಮರಣದಂಡನೆ. ಆಮೇಲೆ 139ನೇ ಕಲಮು: ಕೊಲೆಯ ಸಂಚು ಗೊತ್ತಿದ್ದೂ ತಿಳಿಸದವನಿಗೆ ಶಿಕ್ಷೆ. ಹಾಗಾಗಿ ಜುಲೈ 28ರಂದು ತಾವು ಸರ್ಕಾರಿ ವಕೀಲರಿಗೂ ಪೊಲೀಸ್ ಮುಖ್ಯಸ್ಥರಿಗೂ ದೂರು ಕಳುಹಿಸಿದ್ದಾಗಿಯೂ ಯಾರೂ ಉತ್ತರಿಸಲಿಲ್ಲವೆಂದೂ ಜನರಿಗೆ ತಿಳಿಸಿದರು. ಖಾಸಗಿ ದಾರಿ ಮುಗಿದ ಮೇಲೆಯೇ ಅವರು ಪೀಠ ಹತ್ತಿದ್ದು. ಸಹೋದರ ತಪ್ಪು ಮಾಡಿದರೆ ಮೊದಲು ಅವನೊಬ್ಬನಿಗೇ ಹೇಳು, ಕೇಳದಿದ್ದರೆ ಇಬ್ಬರು ಮೂವರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು ಎಂದು ಯೇಸು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಹೇಳುತ್ತಾನಲ್ಲ, ಅದೇ ಕ್ರಮ.

ಆ ಪ್ರಬೋಧನೆಯಲ್ಲಿ ಒಬ್ಬ ರೈತನ ವಿಷಯ ಬರುತ್ತದೆ. ಸುಮಾರು 55 ವರ್ಷದವನು, ಮರಿಯೆಂಥಾಲ್ ಆಸ್ಪತ್ರೆಯಲ್ಲಿದ್ದ. ಯುದ್ಧದಿಂದ ರಜೆಯ ಮೇಲೆ ಬಂದ ಮಗ ಅಪ್ಪನನ್ನು ನೋಡಲು ಹೋಗಿದ್ದ. ತಾನು ರಣರಂಗದಲ್ಲಿ ಸತ್ತರೆ ಅಪ್ಪನನ್ನು ಮತ್ತೆ ನೋಡಲಾಗದಲ್ಲ ಎಂದು ಅವನಿಗೆ ಸಂಕಟ. ಆ ಮಗ ಮತ್ತೆ ಅಪ್ಪನನ್ನು ನೋಡಲಾರ, ಯಾಕೆಂದರೆ ಅಪ್ಪನ ಹೆಸರೇ ಪಟ್ಟಿಗೆ ಸೇರಿದೆ ಎಂದರು ಗಾಲೆನ್. ಕೆಲಸಕ್ಕೆ ಬಾರದವರನ್ನು ಕೊಲ್ಲಬಹುದು ಎಂದಾದರೆ ನಾಳೆ ಕೈಕಾಲು ಕಳೆದುಕೊಂಡು ಮರಳುವ ಸೈನಿಕರ ಗತಿ ಏನು, ಮುದುಕರಾದಾಗ ನಮ್ಮೆಲ್ಲರ ಗತಿ ಏನು ಎಂದೂ ಕೇಳಿದರು. ಕೇಳುತ್ತಾ ಕೂತಿದ್ದವರ ಮಕ್ಕಳು ಆಗ ಯುದ್ಧದಲ್ಲಿದ್ದರು.

ಖಾಸಗಿ ಪತ್ರದಿಂದ ಆಗದಿದ್ದದ್ದು ಇಲ್ಲಿ ಆಯಿತು. ಮನೆಮನೆಯಲ್ಲಿದ್ದ ಅನುಮಾನ ಎಲ್ಲರ ತಿಳಿವಳಿಕೆಯಾಯಿತು. ಜನ ಪ್ರಬೋಧನೆಯನ್ನು ಟೈಪ್ ಮಾಡಿ, ಕೈಯಲ್ಲಿ ನಕಲು ಮಾಡಿ ಹಂಚಿದರು. ಅದು ಯುದ್ಧಭೂಮಿಯ ಸೈನಿಕರನ್ನೂ ತಲುಪಿತು. ಬ್ರಿಟಿಷ್ ವಿಮಾನಗಳು ಅದನ್ನು ಕರಪತ್ರವಾಗಿ ಉದುರಿಸಿದವು. ಗಾಲೆನ್‌ರನ್ನು ಗಲ್ಲಿಗೇರಿಸಬೇಕು ಎಂದು ಪಕ್ಷದ ಕೆಲವರು ಪಟ್ಟು ಹಿಡಿದರು. ಹಾಗೆ ಮಾಡಿದರೆ ಯುದ್ಧಕಾಲದಲ್ಲಿ ಮ್ಯುನ್‌ಸ್ಟರ್ ಇರುವ ಇಡೀ ವೆಸ್ಟ್‌ಫಾಲಿಯಾ ಸೀಮೆ ಕೈತಪ್ಪಿ ಹೋದೀತು ಎಂದು ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್ ಹೆದರಿದ. ಆಗಸ್ಟ್ 24ರಂದು ಗ್ಯಾಸ್ ಕೇಂದ್ರಗಳ ಕೆಲಸ ನಿಲ್ಲಿಸಲು ಹಿಟ್ಲರ್ ಆದೇಶ ಕೊಟ್ಟ. ಅಷ್ಟರೊಳಗೆ 70,000ಕ್ಕೂ ಹೆಚ್ಚು ಜನ ಸತ್ತಿದ್ದರು.

ಹಾಗಂತ ಒಂದು ಪ್ರಬೋಧನೆ ಎಲ್ಲವನ್ನೂ ನಿಲ್ಲಿಸಿತು ಎಂದು ಹೇಳಿದರೆ ಅದು ಸತ್ಯ ಆಗುವುದಿಲ್ಲ. ಮನೆಯವರ ಸಿಟ್ಟು, ಊರೂರಿನ ಗುಸುಗುಸು ಎಲ್ಲವೂ ಸೇರಿ ಒತ್ತಡ ಬಂತು. ಕೊಲೆಗಳೂ ಪೂರ್ತಿ ನಿಲ್ಲಲಿಲ್ಲ. ಹಸಿವಿನಿಂದ, ವಿಷದ ಚುಚ್ಚುಮದ್ದಿನಿಂದ 1945ರವರೆಗೂ ಮುಂದುವರಿದವು.

ಬೆಲೆ ತೆತ್ತವರು ಯಾರು? ಗಾಲೆನ್‌ರನ್ನು ಮುಟ್ಟಲಿಲ್ಲ. ಆದರೆ ಅವರ ಪ್ರಬೋಧನೆಯನ್ನು ಹಂಚಿದವರನ್ನು ಬಿಡಲಿಲ್ಲ. ಲ್ಯೂಬೆಕ್ ನಗರದಲ್ಲಿ ಯೊಹಾನೆಸ್ ಪ್ರಾಸೆಕ್, ಎಡ್ವರ್ಡ್ ಮ್ಯುಲರ್, ಹರ್ಮನ್ ಲಾಂಗೆ ಎಂಬ ಮೂವರು ಕಥೋಲಿಕ ಗುರುಗಳೂ ಕಾರ್ಲ್ ಫ್ರೀಡ್ರಿಷ್ ಸ್ಟೆಲ್‌ಬ್ರಿಂಕ್ ಎಂಬ ಲೂಥರನ್ ಸಭಾಪಾಲಕರೂ ಸೇರಿ ಅದರ ಪ್ರತಿಗಳನ್ನು ಹಂಚುತ್ತಿದ್ದರು. ಸ್ಟೆಲ್‌ಬ್ರಿಂಕ್ ಒಂದು ಕಾಲದಲ್ಲಿ ನಾಜಿ ಪಕ್ಷದ ಸದಸ್ಯರೇ ಆಗಿದ್ದವರು. 1943ರ ನವೆಂಬರ್ 10ರಂದು ಹ್ಯಾಂಬರ್ಗ್ ಜೈಲಿನಲ್ಲಿ ನಾಲ್ವರ ತಲೆಯನ್ನೂ ಒಬ್ಬರಾದ ಮೇಲೊಬ್ಬರಂತೆ ಕಡಿದರು. ಗುರುಗಳು ಮೂವರಿಗೂ ಆಗ ಮೂವತ್ತೊಂದು, ಮೂವತ್ತೆರಡರ ವಯಸ್ಸು. ದೊಡ್ಡವರು ಮಾತಾಡುವಾಗ ಇದನ್ನು ಯೋಚಿಸಬೇಕು ಎಂದು ನನಗೆ ತುಂಬಾ ಅನಿಸುತ್ತದೆ. ಪದವಿ ಇದ್ದವರ ಮಾತಿನ ಭಾರ ಎಷ್ಟೋ ಸಲ ಪದವಿ ಇಲ್ಲದವರ ಹೆಗಲಿಗೆ ಬೀಳುತ್ತದೆ.

ಇನ್ನೊಂದು ಮಾತನ್ನು ಹೇಳಲೇಬೇಕು. ಗಾಲೆನ್ ರೋಗಿಗಳ ಪರ ನಿಂತರು. ಯೆಹೂದ್ಯರ ಮೇಲಿನ ಹಿಂಸೆಯ ಬಗ್ಗೆ ಅಂಥದ್ದೊಂದು ಪ್ರಬೋಧನೆಯನ್ನು ಅವರು ಕೊಡಲಿಲ್ಲ. ರೋಗಿಗಳು ತಮ್ಮ ಜನರ ಅಪ್ಪ, ಅಮ್ಮ, ಮಕ್ಕಳು. ಯೆಹೂದ್ಯರ ವಿಷಯಕ್ಕೆ ಬಂದಾಗ ಬಹುಪಾಲು ಕ್ರೈಸ್ತರ ಬಾಯಿ ಕಟ್ಟಿಹೋಯಿತು. ಬಾಯಿಲ್ಲದವರ ಪರವಾಗಿ ಬಾಯಿ ತೆರೆ ಎನ್ನುವ ಜ್ಞಾನೋಕ್ತಿಯ 31ನೇ ಅಧ್ಯಾಯ ನಮ್ಮವರು, ಬೇರೆಯವರು ಎಂದು ಭೇದ ಮಾಡುವುದಿಲ್ಲ.

ಆ ಕೊರತೆಯನ್ನು ಬರ್ಲಿನ್ನಿನ ಗುರು ಬರ್ನ್‌ಹಾರ್ಡ್ ಲಿಷ್ಟೆನ್‌ಬರ್ಗ್‌ರಲ್ಲಿ ಕಾಣುವುದಿಲ್ಲ. 1938ರ ನವೆಂಬರ್‌ನಲ್ಲಿ ಯೆಹೂದ್ಯರ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಇಟ್ಟಾಗ, ಉರಿಯುತ್ತಿರುವುದೂ ದೇವರ ಮನೆಯೇ ಎಂದು ಅವರು ಹೇಳಿದರು. ಅಂದಿನಿಂದ ಪ್ರತಿ ಸಂಜೆ ಸಂತ ಹೆಡ್ವಿಗ್ ಮಹಾದೇವಾಲಯದಲ್ಲಿ ಯೆಹೂದ್ಯರಿಗಾಗಿ ಗಟ್ಟಿಯಾಗಿ ಪ್ರಾರ್ಥಿಸಿದರು. ನೀವು ಕೇಳಿದ ಪ್ರಾರ್ಥನೆ ಇಲ್ಲೂ ಇದೆ, ಆದರೆ ಎಲ್ಲರಿಗೂ ಕೇಳುವಂತೆ. ಆ ಪ್ರಾರ್ಥನೆಯನ್ನು ಕೇಳಿಸಿಕೊಂಡ ಇಬ್ಬರು ವಿದ್ಯಾರ್ಥಿನಿಯರು ದೂರು ಕೊಟ್ಟರು. 1941ರ ಅಕ್ಟೋಬರ್‌ನಲ್ಲಿ ಬಂಧನವಾಯಿತು. ಎರಡು ವರ್ಷದ ಶಿಕ್ಷೆ ಮುಗಿದ ಮೇಲೂ ಬಿಡಲಿಲ್ಲ. ದಖಾವ್ ಸೆರೆಶಿಬಿರಕ್ಕೆ ಸಾಗಿಸುವ ದಾರಿಯಲ್ಲಿ, 1943ರ ನವೆಂಬರ್ 5ರಂದು ತೀರಿಕೊಂಡರು.

ಈಗ ನಿಮ್ಮ ವಿಷಯಕ್ಕೆ ಬರೋಣ. ನೀವು ಹೇಳುವ ಪತ್ರವನ್ನು ಖಂಡಿತ ಬರೆಯಿರಿ. ಅದರ ಪ್ರತಿ ಇಟ್ಟುಕೊಳ್ಳಿ, ತಾರೀಕು ಹಾಕಿ, ಯಾವ ಕಾನೂನು ಅಥವಾ ಯಾವ ನಿಯಮ ಮುರಿದಿದೆ ಎಂದು ಅದರಲ್ಲೇ ಬರೆಯಿರಿ. ಕೇಳಿದ ಸುದ್ದಿಯನ್ನೂ ಕಂಡ ಸತ್ಯವನ್ನೂ ಬೆರೆಸಬೇಡಿ. ಉತ್ತರಕ್ಕೆ ಎಷ್ಟು ದಿನ ಕಾಯುತ್ತೀರಿ ಎಂದು ಮೊದಲೇ ತೀರ್ಮಾನಿಸಿ. ಆ ದಿನಗಳಲ್ಲಿ ನೋಯುತ್ತಿರುವವರು ಯಾರು ಎಂಬುದರ ಮೇಲೆ ಆ ಗಡುವು ನಿಂತಿರಲಿ. ಗಡುವು ಮೀರಿದರೆ ಸಭೆಯ ಮುಂದೆ ಹೇಳಿ. ಆಗ ನಿಮ್ಮ ಜೊತೆ ನಿಲ್ಲುವವರಿಗೆ ಏನಾಗಬಹುದು ಎಂಬುದನ್ನು ಅವರ ಜೊತೆ ಕೂತು ಮೊದಲೇ ಮಾತಾಡಿಕೊಂಡಿರಿ.