ಈಜು ಬಾರದವರು ಮೆಕ್ಸಿಕೋದ ಸೆನೋಟೆಗೆ ಇಳಿಯಬಹುದೇ?

ಪ್ರಶ್ನೆ: ಕ್ಯಾನ್‌ಕೂನ್‌ನಿಂದ, ಮಾಯಾ ನಾಗರಿಕತೆಯ ಅವಶೇಷಗಳಿರುವ ಚಿಚೆನ್ ಇಟ್ಜಾಗೆ ಹೋಗಿಬರುವ ಒಂದು ದಿನದ ಪ್ರವಾಸಕ್ಕೆ ಬುಕ್ ಮಾಡಿದ್ದೇವೆ. ನಡುವೆ ಇಕ್ ಕಿಲ್ ಎಂಬ ಸೆನೋಟೆಯಲ್ಲಿ (ನೆಲ ಕುಸಿದು ಆದ, ನೀರು ತುಂಬಿದ ಗುಂಡಿಯಲ್ಲಿ) ಈಜಲು ಬಿಡುತ್ತಾರಂತೆ. ನಮ್ಮಲ್ಲಿ ಇಬ್ಬರಿಗೆ ಈಜು ಬಾರದು. ಅವರು ಮೇಲೆಯೇ ಕೂರಬೇಕೇ?

ಕೂರಬೇಕಿಲ್ಲ. ಲೈಫ್ ಜಾಕೆಟ್ ಮೈಗೆ ಬಿಗಿಯಾಗಿ ಹೊಂದಿಕೊಂಡಿರಬೇಕು, ಹಿಡಿಯಲು ಹಗ್ಗ ಇರಬೇಕು, ಹತ್ತಲು ಏಣಿ ಇರಬೇಕು, ಈಜು ಬಲ್ಲವರೊಬ್ಬರು ಕೈಯಳತೆಯಲ್ಲಿರಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಇಳಿಯಬೇಡಿ.

ಎಲ್ಲರೂ ಮೊದಲು ಕೇಳುವುದು ಆಳ ಎಷ್ಟು ಎಂದು. ಇಕ್ ಕಿಲ್‌ನಲ್ಲಿ ನೆಲಮಟ್ಟದಿಂದ ಸುಮಾರು 26 ಮೀಟರ್ ಕೆಳಗೆ ನೀರು ಸಿಗುತ್ತದೆ. ಆ ನೀರಿನ ಆಳ 40 ಮೀಟರ್‌ಗೂ ಹೆಚ್ಚು. ಆದರೆ ಈಜು ಬಾರದವರಿಗೆ ಎರಡೂವರೆ ಮೀಟರ್ ಆದರೂ ಅಷ್ಟೇ, 40 ಮೀಟರ್ ಆದರೂ ಅಷ್ಟೇ. ಅವರು ನೋಡಬೇಕಾದದ್ದು ಕಾಲೂರಲು ಜಾಗ ಎಲ್ಲಿ ಮುಗಿಯುತ್ತದೆ ಎಂಬುದನ್ನು.

ಸೆನೋಟೆಯಲ್ಲಿ ಅದು ಥಟ್ಟನೆ ಮುಗಿಯುತ್ತದೆ. ಈ ಊರುಗಳೆಲ್ಲ ಇರುವ ಯುಕಟಾನ್ ಪರ್ಯಾಯದ್ವೀಪದ್ದು ಸುಣ್ಣಕಲ್ಲಿನ ನೆಲ. ಮಳೆನೀರು ಹರಿಯದೆ ಇಂಗಿಬಿಡುವುದರಿಂದ ಅದರ ಉತ್ತರ ಭಾಗದಲ್ಲಿ ಮೇಲ್ಮೈ ನದಿಗಳೇ ಇಲ್ಲ. ಇಂಗಿದ ನೀರು ಕಲ್ಲನ್ನು ಕರಗಿಸುತ್ತಾ ಗುಹೆ ಕೊರೆಯುತ್ತದೆ. ಗುಹೆಯ ಚಾವಣಿ ಕುಸಿದಲ್ಲಿ ಸೆನೋಟೆ. ಕುಸಿದು ಆದ ಗುಂಡಿಯಾದ್ದರಿಂದ ಇಕ್ ಕಿಲ್‌ನಂಥ ಕಡೆ ಇಳಿಜಾರು ದಡ ಇರುವುದಿಲ್ಲ. ನಮ್ಮ ಕಲ್ಯಾಣಿಗಳಲ್ಲಿ ಮೊಣಕಾಲು, ಸೊಂಟ, ಎದೆ ಎಂದು ಒಂದೊಂದೇ ಮೆಟ್ಟಿಲಿಗೆ ನೀರು ಏರುತ್ತದೆ. ಇಲ್ಲಿ ಏಣಿಯ ಕೊನೆಯ ಮೆಟ್ಟಿಲು ದಾಟಿದರೆ ಕಾಲಿಗೆ ಏನೂ ತಗಲುವುದಿಲ್ಲ. ಬಯಲುಸೀಮೆಯ ತೆರೆದ ಬಾವಿಗೆ ಇಳಿದವರಿಗೆ ಇದು ಗೊತ್ತು.

ಇನ್ನೊಂದು ವ್ಯತ್ಯಾಸವಿದೆ. ಇದು ಸಿಹಿನೀರು. ಕ್ಯಾನ್‌ಕೂನ್ ಕಡಲಿನಲ್ಲಿ ಹಿಂದಿನ ದಿನ ಸಲೀಸಾಗಿ ತೇಲಿದವರು ಇಲ್ಲಿ ಅಷ್ಟು ಸುಲಭವಾಗಿ ತೇಲುವುದಿಲ್ಲ, ಏಕೆಂದರೆ ಉಪ್ಪುನೀರು ಸುಮಾರು ಶೇ 2.5ರಷ್ಟು ಹೆಚ್ಚು ಸಾಂದ್ರ.

ಎಡವಟ್ಟಾಗುವುದು ಹೆಚ್ಚಾಗಿ ಜಾಕೆಟ್‌ನಲ್ಲೇ. ಇಕ್ ಕಿಲ್‌ನಲ್ಲಿ ಅದು ಕಡ್ಡಾಯ. ಸ್ಪ್ಯಾನಿಷ್‌ನಲ್ಲಿ ‘ಚಲೆಕೊ’ ಎಂದು ಕೇಳಿದರೆ ಕೊಡುತ್ತಾರೆ. ರಾಶಿಯಿಂದ ಕೈಗೆ ಸಿಕ್ಕಿದ್ದನ್ನು ಹಾಕಿಕೊಳ್ಳಬೇಡಿ. ಎಲ್ಲ ಬಕಲ್ ಹಾಕಿ, ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಬಿಗಿ ಮಾಡಿ. ಆಮೇಲೆ ಜೊತೆಯವರು ನಿಮ್ಮ ಎರಡೂ ಭುಜದ ಬಳಿ ಜಾಕೆಟ್ ಹಿಡಿದು ಜೋರಾಗಿ ಮೇಲೆತ್ತಲಿ. ಅದು ಗಲ್ಲ, ಕಿವಿಯವರೆಗೆ ಏರಿದರೆ ದೊಡ್ಡದಾಯಿತು, ಬದಲಿಸಿ. ಸಡಿಲ ಜಾಕೆಟ್ ನೀರಿನಲ್ಲಿ ತಾನು ತೇಲುತ್ತದೆ, ಒಳಗಿನ ದೇಹ ಕೆಳಗೆ ಜಾರುತ್ತದೆ. ತೆಳ್ಳಗಿನ ಮಕ್ಕಳಿಗೆ ತೊಡೆಸಂದಿಯ ಪಟ್ಟಿ ಇರುವ ಜಾಕೆಟ್ಟನ್ನೇ ಕೇಳಿ. ಜಾಕೆಟ್ ಹಾಕಿಕೊಂಡು ಹಾರುವುದಂತೂ ಬೇಡ, ಅದು ರಭಸಕ್ಕೆ ಮೇಲೆದ್ದು ಗಲ್ಲಕ್ಕೆ ಬಡಿಯುತ್ತದೆ.

ಇಳಿಯುವಾಗ ಏಣಿಗೆ ಮುಖ ಮಾಡಿ, ಹಿಮ್ಮುಖವಾಗಿ ಇಳಿಯಿರಿ. ಮೆಟ್ಟಿಲುಗಳು ಪಾಚಿಯಿಂದ ಜಾರುತ್ತವೆ. ನೀರು ಸುಮಾರು 24–25 ಡಿಗ್ರಿ ಇರುತ್ತದೆ. ಬಿಸಿಲಿನಿಂದ ಬಂದವರಿಗೆ ಎದೆಗೆ ತಾಗುತ್ತಲೇ ಉಸಿರು ಬಿಗಿಯುತ್ತದೆ. ಎದೆಮಟ್ಟಕ್ಕೆ ನೀರು ಬಂದಾಗ ಏಣಿ ಬಿಡದೆ ಒಂದು ನಿಮಿಷ ನಿಲ್ಲಿ, ಉಸಿರು ಹದಕ್ಕೆ ಬಂದ ಮೇಲೆ ತಲೆ ಹಿಂದಕ್ಕೆ ವಾಲಿಸಿ ಅಂಗಾತ ತೇಲಿ. ಗಾಬರಿಯಾದವರು ನೆಟ್ಟಗೆ ನಿಲ್ಲಲು ಯತ್ನಿಸಿ ಕಾಲು ಬಡಿಯುತ್ತಾರೆ, ಪಕ್ಕದವರ ಕುತ್ತಿಗೆ ಹಿಡಿಯುತ್ತಾರೆ. ‘ಹಿಡಿಯಬೇಕಾದ್ದು ಹಗ್ಗವನ್ನು, ನನ್ನನ್ನಲ್ಲ’ ಎಂದು ಮೊದಲೇ ಮಾತಾಡಿಕೊಂಡಿರಿ.

ಜೀನ್ಸ್, ಹತ್ತಿಯ ಚೂಡಿದಾರ್ ಬೇಡ. ಒದ್ದೆಯಾದಾಗ ಏಣಿ ಹತ್ತಲು ಬಿಡದಷ್ಟು ಭಾರವಾಗುತ್ತವೆ. ಸನ್‌ಸ್ಕ್ರೀನ್, ಸೊಳ್ಳೆ ಮುಲಾಮು ಹಚ್ಚಿಕೊಳ್ಳದೆ ಬನ್ನಿ. ಇಳಿಯುವ ಮುನ್ನ ಶವರ್ ಕಡ್ಡಾಯ. ಈ ನಿಯಮವನ್ನು ಮನಸ್ಸಿಟ್ಟು ಪಾಲಿಸಿ: ಸೆನೋಟೆಯಲ್ಲಿ ಕಾಣುವುದು ಅಂತರ್ಜಲವೇ, ಅಲ್ಲಿನ ಜನ ಕುಡಿಯುವುದೂ ಅದೇ ಅಂತರ್ಜಲವನ್ನು.

ಗಡಿಯಾರದ ಒಂದು ವಿಷಯ. ಕ್ಯಾನ್‌ಕೂನ್ ಇರುವ ಕಿಂಟಾನಾ ರೋ ರಾಜ್ಯದ ಸಮಯ, ಚಿಚೆನ್ ಇಟ್ಜಾ ಇರುವ ಯುಕಟಾನ್ ರಾಜ್ಯಕ್ಕಿಂತ ಒಂದು ಗಂಟೆ ಮುಂದು. ಬಸ್ ಹೊರಡುವುದು ಯಾವ ಸಮಯಕ್ಕೆ ಎಂದು ಗೈಡ್ ಬಳಿ ಖಚಿತಪಡಿಸಿಕೊಳ್ಳಿ. ಶವರ್, ಲಾಕರ್, ಜಾಕೆಟ್ ಸಾಲು, ಮೆಟ್ಟಿಲು ಎಲ್ಲ ಸೇರಿ ಸಿಕ್ಕ ಸಮಯದ ಅರ್ಧ ತಿನ್ನುತ್ತವೆ. ಈಜುಡುಗೆಯನ್ನು ಒಳಗೆ ತೊಟ್ಟೇ ಬಂದರೆ ಜಾಕೆಟ್ ನೋಡಿ ಆರಿಸಲು ಪುರುಸೊತ್ತು ಸಿಗುತ್ತದೆ.

ಇನ್ನೂ ಬುಕ್ ಮಾಡದವರು, ಮನೆಯಲ್ಲಿ ನೀರಿನ ಭಯ ಇರುವವರಿದ್ದರೆ, ಪ್ಲಾಯಾ ದೆಲ್ ಕಾರ್ಮೆನ್ ಬಳಿಯ ಸೆನೋಟೆ ಅಸುಲ್ ಇರುವ ಪ್ರವಾಸ ಆರಿಸಿಕೊಳ್ಳಿ. ಅಲ್ಲಿ ನಿಲ್ಲಬಹುದಾದ ತೆಳುನೀರಿನ ಜಾಗಗಳಿವೆ. ಇಕ್ ಕಿಲ್‌ಗೇ ಹೋಗುವವರಲ್ಲಿ ಯಾರಿಗಾದರೂ ಅಳತೆಯ ಜಾಕೆಟ್ ಸಿಗದಿದ್ದರೆ, ಕಲ್ಲಿನಲ್ಲಿ ಕೊರೆದ ಮೆಟ್ಟಿಲ ದಾರಿಯ ನಡುವೆ ಕಿಂಡಿಗಳಿವೆ. ಮೇಲಿನಿಂದ ನೀರಿನವರೆಗೆ ಇಳಿಬಿದ್ದ ಬೇರುಬಳ್ಳಿಗಳು ಅಲ್ಲಿಂದ ಚೆನ್ನಾಗಿ ಕಾಣುತ್ತವೆ.