ಬಕೆಟ್, ಪಾಣಿಪಂಚೆ ಮತ್ತು ಮ್ಯಾನೇಜರರ ಅಂಜಿಕೆ

ತೀರ್ಥಹಳ್ಳಿ, ಸಾಗರ, ಹೊಸನಗರದ ಯಾವ ಲಾಡ್ಜಿನ ಮ್ಯಾನೇಜರರನ್ನು ಕೇಳಿದರೂ ಹೆಚ್ಚುಕಡಿಮೆ ಒಂದೇ ಉತ್ತರ ಬರುತ್ತದೆ: ಕಾಡು ಉಳಿಯಬೇಕು, ಪ್ಲಾಸ್ಟಿಕ್ ತೊಲಗಬೇಕು, ನೀರು ಪೋಲಾಗಬಾರದು. ಇದನ್ನು ತೋರಿಕೆಯ ಮಾತು ಎಂದು ತಳ್ಳಿಹಾಕುವಂತಿಲ್ಲ. ಮಳೆ, ಹೊಳೆ, ಜಲಪಾತಗಳೇ ಅವರ ಬಂಡವಾಳ. ಲಿಂಗನಮಕ್ಕಿ ಅಣೆಕಟ್ಟೆಯ ಬಾಗಿಲು ತೆರೆದು ಜೋಗ ತುಂಬಿ ಧುಮುಕುವ ಸುದ್ದಿ ಹಬ್ಬಿದ ಭಾನುವಾರ ಸಾಗರದಲ್ಲಿ ರೂಮು ಸಿಗುವುದು ಕಷ್ಟ. ಆದರೂ ಒಂದು ರಾತ್ರಿ ಬಳಸಿದ ಟವೆಲು ಬೆಳಿಗ್ಗೆ ಒಗೆತಕ್ಕೆ ಬಿದ್ದಿರುತ್ತದೆ, ಅತಿಥಿ ಹೊರಗೆ ಹೋದ ರೂಮಿನಲ್ಲಿ ಗೀಸರಿನ ಕೆಂಪು ದೀಪ ಉರಿಯುತ್ತಲೇ ಇರುತ್ತದೆ.

ಹೋಟೆಲಿನವರ ಪರಿಸರ ಮನೋಭಾವವನ್ನು ಪ್ರಶ್ನಾವಳಿ ಹಂಚಿ ಅಳೆಯುವ ಅಧ್ಯಯನಗಳು ಬೇಕಾದಷ್ಟಿವೆ. ಇವುಗಳ ಮೇಲೆ ನನಗೆ ಅಷ್ಟಾಗಿ ಭರವಸೆ ಇಲ್ಲ. ಅದಕ್ಕೆ ಕಾರಣ 1934ರಷ್ಟು ಹಳೆಯದು. ಅಮೆರಿಕದ ಸಮಾಜಶಾಸ್ತ್ರಜ್ಞ ರಿಚರ್ಡ್ ಲಾಪಿಯರ್ ಒಬ್ಬ ಚೀನೀ ಯುವ ದಂಪತಿಯ ಜೊತೆ ಆ ದೇಶವನ್ನೆಲ್ಲ ಸುತ್ತಿದರು. ಚೀನೀಯರ ಬಗ್ಗೆ ಅಲ್ಲಿ ತಾತ್ಸಾರ ದಟ್ಟವಾಗಿದ್ದ ಕಾಲ ಅದು. 251 ಹೋಟೆಲು, ವಸತಿಗೃಹ, ಊಟದ ಮನೆಗಳ ಪೈಕಿ ಅವರನ್ನು ಒಳಗೆ ಬಿಡದೆ ಕಳಿಸಿದ್ದು ಒಂದೇ ಒಂದು. ತಿಂಗಳುಗಳ ನಂತರ ಅದೇ ಜಾಗಗಳಿಗೆ ಪತ್ರ ಬರೆದು, ಚೀನೀ ಅತಿಥಿಗಳನ್ನು ಸೇರಿಸಿಕೊಳ್ಳುವಿರಾ ಎಂದು ಕೇಳಿದಾಗ ಉತ್ತರಿಸಿದವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಇಲ್ಲ ಎಂದರು. ಅಲ್ಲಿ ಮಾತು ಕೆಟ್ಟದಾಗಿತ್ತು, ನಡತೆ ಸುಮಾರಾಗಿತ್ತು. ಪರಿಸರದ ವಿಷಯದಲ್ಲಿ ಇದು ತಿರುವುಮುರುವು. ಈ ಅಧ್ಯಯನಕ್ಕೆ ಒಂದು ಆಕ್ಷೇಪವೂ ಬಂತು: ಪತ್ರಕ್ಕೆ ಉತ್ತರ ಬರೆದವರೂ ಬಾಗಿಲಲ್ಲಿ ನಿಂತು ಬರಮಾಡಿಕೊಂಡವರೂ ಒಬ್ಬರೇ ಆಗಿರಬೇಕಿಲ್ಲ. ಆಕ್ಷೇಪ ನ್ಯಾಯವಾದದ್ದೇ, ನಮ್ಮ ಲಾಡ್ಜುಗಳಿಗೂ ಸಲ್ಲುವಂಥದ್ದು.

ಮನಶ್ಶಾಸ್ತ್ರಜ್ಞ ಐಸೆಕ್ ಐಜೆನ್ 1991ರಲ್ಲಿ ವಿವರವಾಗಿ ಮಂಡಿಸಿದ ಸಿದ್ಧಾಂತದ ಪ್ರಕಾರ ಒಂದು ಕೆಲಸಕ್ಕೆ ಕೈಹಾಕುವ ನಮ್ಮ ಸಂಕಲ್ಪವನ್ನು ಮೂರು ಸಂಗತಿಗಳು ಕಟ್ಟುತ್ತವೆ. ಅದರ ಬಗ್ಗೆ ನಮಗಿರುವ ಅಭಿಪ್ರಾಯ ಮೊದಲನೆಯದು. ನಮಗೆ ಮುಖ್ಯರಾದವರು ಏನಂದುಕೊಂಡಾರು ಎಂಬ ಲೆಕ್ಕ ಎರಡನೆಯದು. ಅದು ನಮ್ಮ ಕೈಯಲ್ಲಿದೆಯೇ ಎಂಬ ಅಂದಾಜು ಮೂರನೆಯದು. ಪ್ರಶ್ನಾವಳಿ ಮೊದಲನೆಯದನ್ನೇ ಹೆಚ್ಚು ಕೆದಕುತ್ತದೆ. ಮಲೆನಾಡಿನ ಮ್ಯಾನೇಜರರನ್ನು ಕಟ್ಟಿಹಾಕಿರುವುದು ಉಳಿದೆರಡು.

ಟವೆಲಿನ ವಿಷಯವನ್ನೇ ನೋಡಿ. ಸ್ನಾನದ ದಪ್ಪ ಟವೆಲು ಸುಮಾರು ಅರ್ಧ ಕಿಲೋ ತೂಗುತ್ತದೆ, ಒಗೆದು ಹಿಂಡಿದ ಮೇಲೂ ಕಾಲು ಕಿಲೋದಷ್ಟು ನೀರನ್ನು ಹಿಡಿದುಕೊಂಡಿರುತ್ತದೆ ಎಂದಿಟ್ಟುಕೊಳ್ಳಿ. ಒಂದು ಕಿಲೋ ನೀರು ಆವಿಯಾಗಲು ಸುಮಾರು 0.65 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು. ಇಪ್ಪತ್ತು ರೂಮಿನ ಲಾಡ್ಜಿನಲ್ಲಿ ದಿನಕ್ಕೆ ನಲವತ್ತು ಟವೆಲು ಎಂದರೆ ಹತ್ತು ಕಿಲೋ ನೀರು, ಆರೂವರೆ ಯೂನಿಟ್. ಇದು ಒಂದು ಹನಿ ಶಾಖವೂ ಸೋರದ ಯಂತ್ರದ ಲೆಕ್ಕ, ಹೊದಿಕೆ ಹಾಸಿಗೆಬಟ್ಟೆಗಳನ್ನು ಬಿಟ್ಟ ಲೆಕ್ಕ. ಮಾರ್ಚಿನಲ್ಲಿ ಈ ಕೆಲಸವನ್ನು ಮಾಳಿಗೆಯ ಬಿಸಿಲು ಪುಕ್ಕಟೆಯಾಗಿ ಮಾಡಿಕೊಡುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ ಆಷಾಢದ ಗಾಳಿ ನೀರಾವಿಯಿಂದ ತುಂಬಿ ತುಳುಕುತ್ತಿರುವಾಗ ಬಟ್ಟೆಯ ನೀರು ಹೋಗುವುದಾದರೂ ಎಲ್ಲಿಗೆ? ಮನೆಗಳಲ್ಲಿ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಾರೆ. ಲಾಡ್ಜಿನ ಹಿಂದಿನ ಪಡಸಾಲೆಯಲ್ಲಿ ಸಾಲಾಗಿ ಹರವಿದ ಟವೆಲುಗಳ ಕೆಳಗೆ ಟೇಬಲ್ ಫ್ಯಾನ್ ತಿರುಗುತ್ತಿರುತ್ತದೆ, ಮೂರನೆಯ ದಿನಕ್ಕೂ ಅಂಚು ತಣ್ಣಗಿರುತ್ತದೆ, ಮುಗ್ಗಲು ವಾಸನೆ ಏಳುತ್ತದೆ. ಆ ವಾಸನೆಗೆ ಮೊರಾಕ್ಸೆಲ್ಲಾ ಓಸ್ಲೊಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಮುಖ್ಯ ಕಾರಣವೆಂದು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದರು.

ಟವೆಲನ್ನು ಮತ್ತೆ ಬಳಸಿರಿ, ಭೂಮಿಯನ್ನು ಉಳಿಸಿರಿ ಎಂಬ ಕಾರ್ಡು ಇಲ್ಲಿ ಸೋಲುವುದು ಹೀಗೆ. ಅತಿಥಿ ಸಜ್ಜನರೇ ಇರಬಹುದು, ಟವೆಲನ್ನು ನೇತುಹಾಕಿಯೂ ಇರಬಹುದು. ಮರುದಿನ ಅದು ಒದ್ದೆಯಾಗಿಯೇ ಇದ್ದರೆ ಹೊಸದನ್ನು ಕೇಳದೆ ಏನು ಮಾಡಿಯಾರು? ಒಣಹವೆಯ ಊರುಗಳಿಗೆ ಹೊಂದುವ ಕಾರ್ಡನ್ನು ಆಗುಂಬೆಯ ಗೋಡೆಗೆ ಅಂಟಿಸಿದರೆ ಇಷ್ಟೇ ಗತಿ. ಇದಕ್ಕೆ ಪರಿಹಾರ ಊರಿನಲ್ಲೇ ಇದೆ: ತೆಳುವಾದ ಪಾಣಿಪಂಚೆ. ಕಡಿಮೆ ನೀರು ಹೀರುತ್ತದೆ, ಬೇಗ ಒಣಗುತ್ತದೆ, ಒಗೆಯುವುದಕ್ಕೂ ಹಗುರ. ಆದರೆ ಅದನ್ನು ರೂಮಿನಲ್ಲಿ ಇಡಲು ಮ್ಯಾನೇಜರರಿಗೆ ಧೈರ್ಯವಿಲ್ಲ. ಬೆಂಗಳೂರಿನಿಂದ ಬಂದವರು ಇದೇನು ಧರ್ಮಛತ್ರವೇ ಎಂದು ಮೊಬೈಲಿನಲ್ಲಿ ಒಂದೇ ಸ್ಟಾರ್ ರೇಟಿಂಗ್ ಕೊಟ್ಟು ಹೋದರೆ?

ಬಕೆಟ್ಟಿನದೂ ಇದೇ ಕಥೆ. ನಿಮಿಷಕ್ಕೆ ಹತ್ತು ಲೀಟರಿನ ಶವರಿನ ಕೆಳಗೆ ಎಂಟು ನಿಮಿಷ ನಿಂತರೆ 80 ಲೀಟರ್ ನೀರು. 22 ಡಿಗ್ರಿಯ ಆ ನೀರನ್ನು 40 ಡಿಗ್ರಿಗೆ ಏರಿಸಲು ಸುಮಾರು 1.7 ಯೂನಿಟ್ ಬೇಕು. 18 ಲೀಟರಿನ ಒಂದು ಬಕೆಟ್ಟಿಗೆ 0.4 ಯೂನಿಟ್ ಸಾಕು. ನಾಲ್ಕು ಪಟ್ಟಿಗೂ ಹೆಚ್ಚಿನ ವ್ಯತ್ಯಾಸ. ಅಷ್ಟಿದ್ದೂ, ಲಾಡ್ಜು ರೆಸಾರ್ಟ್ ಆಗಲು ಹೊರಟಾಗ ಬಚ್ಚಲಿನಿಂದ ಮೊದಲು ಹೊರಬೀಳುವುದು ಬಕೆಟ್ ಮತ್ತು ಮಗ್. ಕಡಿಮೆ ಬಳಸುವ ವಸ್ತು ಬಡತನದ ಗುರುತಾಗಿ ಕಾಣುವಾಗ ಯಾವ ಮ್ಯಾನೇಜರರೂ ಅದನ್ನು ಅತಿಥಿಯ ಮುಂದೆ ಇಡಲು ಮುಂದಾಗುವುದಿಲ್ಲ.

ಈ ಅಂಜಿಕೆಗೆ ಆಧಾರ ಎಷ್ಟಿದೆ? ರಂಪ ಮಾಡಿದ ಒಬ್ಬ ಅತಿಥಿಯನ್ನು ಮ್ಯಾನೇಜರರು ವರ್ಷಗಟ್ಟಲೆ ನೆನಪಿಡುತ್ತಾರೆ, ಸುಮ್ಮನೆ ಹೋದ ನೂರಾರು ಜನ ಅವರ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದ ಹೋಟೆಲೊಂದರಲ್ಲಿ ಗೋಲ್ಡ್‌ಸ್ಟೈನ್, ಚಾಲ್ದೀನಿ ಮತ್ತು ಗ್ರಿಸ್ಕೆವಿಷಿಯಸ್ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪರಿಸರದ ಹೆಸರಿನಲ್ಲಿ ಬೇಡಿಕೊಂಡಾಗ ಸುಮಾರು ಶೇ. 35 ಮಂದಿ ಟವೆಲನ್ನು ಮತ್ತೆ ಬಳಸಿದರು. ಹೆಚ್ಚಿನ ಅತಿಥಿಗಳು ಮತ್ತೆ ಬಳಸುತ್ತಾರೆ ಎಂದು ಬರೆದಾಗ ಅದು ಶೇ. 44ಕ್ಕೆ ಏರಿತು. ಮುಂದೆ ಜರ್ಮನಿಯಲ್ಲಿ ಇದನ್ನೇ ಮಾಡಿ ನೋಡಿದಾಗ ಒಕ್ಕಣೆ ಬದಲಿಸಿದ್ದರಿಂದ ಹೇಳಿಕೊಳ್ಳುವ ಲಾಭ ಕಾಣಲಿಲ್ಲ, ಏಕೆಂದರೆ ಅಲ್ಲಿ ಹೇಗೆ ಕೇಳಿದರೂ ಬಹುಪಾಲು ಜನ ಮತ್ತೆ ಬಳಸುತ್ತಿದ್ದರು. ಕಾರ್ಡಿನ ಮಾತಿಗೆ ಮಂತ್ರಶಕ್ತಿಯೇನಿಲ್ಲ. ಆದರೆ ಅತಿಥಿಗಳು ಮ್ಯಾನೇಜರರು ಹೆದರುವಷ್ಟು ಜಗಳಗಂಟರೂ ಅಲ್ಲ. ನಾರ್ವೆಯ ಹೋಟೆಲುಗಳಲ್ಲಿ ಬಫೆಯ ತಟ್ಟೆಯನ್ನು ಚಿಕ್ಕದು ಮಾಡಿದಾಗ ಎಸೆಯುವ ಆಹಾರ ಸುಮಾರು ಐದನೇ ಒಂದು ಭಾಗ ತಗ್ಗಿತು, ಅತಿಥಿಗಳ ಸಮಾಧಾನವೇನೂ ಕೆಡಲಿಲ್ಲ. ಆ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ನಮ್ಮಲ್ಲಿ ಬಾಳೆ ಎಲೆಗೆ ಸೌಟಿನಲ್ಲಿ ಕೇಳಿ ಕೇಳಿ ಬಡಿಸುವ ಪದ್ಧತಿಗೆ ತಟ್ಟೆಯ ಚಿಂತೆಯೇ ಇಲ್ಲ. ಬೇಡ ಎಂದರೂ ಇನ್ನೊಂದು ಸೌಟು ಸುರಿಯುವ ನಮ್ಮ ಉಪಚಾರವನ್ನು ಮಾತ್ರ ಸ್ವಲ್ಪ ಹಿಡಿತದಲ್ಲಿಡಬೇಕು.

ಇನ್ನು ಐಜೆನ್ ಹೇಳಿದ ಮೂರನೆಯ ಸಂಗತಿ, ಅದು ನಮ್ಮ ಕೈಯಲ್ಲಿದೆಯೇ ಎಂಬ ಪ್ರಶ್ನೆ. ಸಂಬಳಕ್ಕೆ ದುಡಿಯುವ ಮ್ಯಾನೇಜರರ ಪಾಡು ಹೀಗಿದೆ: ಕರೆಂಟಿನ ಬಿಲ್ಲು ಯಜಮಾನರಿಗೆ, ಬೈಗುಳ ಇವರಿಗೆ. ಗೀಸರನ್ನು ಆರಿಸಿ ಉಳಿಸಿದ ದುಡ್ಡು ಇವರ ಜೇಬಿಗೆ ಬರುವುದಿಲ್ಲ, ಬೆಳಿಗ್ಗೆ ಐದಕ್ಕೆ ಬಿಸಿನೀರು ಬರಲಿಲ್ಲ ಎಂಬ ದೂರು ಮಾತ್ರ ಇವರ ಹೆಸರಿಗೆ ಬರುತ್ತದೆ. ಅಂದಮೇಲೆ ಇಡೀ ದಿನ ಉರಿಸಿಡುವುದೇ ಜಾಣತನ. ಸೌರ ಹೀಟರಿಗೂ ಮೊದಲ ದುಡ್ಡನ್ನು ಯಜಮಾನರೇ ಹಾಕಬೇಕು, ಮಳೆಗಾಲಕ್ಕೆಂದು ವಿದ್ಯುತ್ತಿನ ಅಥವಾ ಸೌದೆಯ ಬದಲಿ ವ್ಯವಸ್ಥೆಯನ್ನೂ ಇಟ್ಟುಕೊಳ್ಳಬೇಕು. ಹಾಕಿದ ಹಣ ಮರಳಿ ಬರಲು ವರ್ಷಗಳು ಹಿಡಿಯುತ್ತವೆ. ಲಾಡ್ಜನ್ನು ಮೂರು ವರ್ಷದ ಲೀಸಿಗೆ ಹಿಡಿದವರು ಅದಕ್ಕೆ ಏಕೆ ಕೈಹಾಕುತ್ತಾರೆ? ಮಾಳಿಗೆಯ ಮೇಲೆ ಏನು ಕೂರಬೇಕೆಂದು ತೀರ್ಮಾನವಾಗುವುದು ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಇರುವ ಕಟ್ಟಡದ ಮಾಲೀಕರ ಮನೆಯಲ್ಲಿ. ಪ್ರಶ್ನಾವಳಿ ಹಿಡಿದವರು ಲಾಡ್ಜಿನ ಗಲ್ಲಾಪೆಟ್ಟಿಗೆಯ ಮುಂದೆಯೇ ನಿಂತು, ಅಲ್ಲಿ ಕುಳಿತವರಿಂದ ಐದಕ್ಕೆ ಐದು ಅಂಕ ಗುರುತು ಹಾಕಿಸಿಕೊಂಡು ವಾಪಸಾಗುತ್ತಾರೆ.